ಓರೆ ಮೂಲೆಯ ಕಲ್ಲು

ಒಮಾನಿನ ಸೊಹಾರ್ ಬಂದರಿಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಹಿಂಬದಿಯಲ್ಲಿ ಕಲ್ಲು ಕೊಯ್ಯುವ ಒಂದು ಕಾರ್ಖಾನೆ ಇದೆ. ಅಲ್ಲಿ ಕೆಲಸ ಮಾಡುವವರೆಲ್ಲರ ರೆಪ್ಪೆಗಳೂ ಸಂಜೆಯ ಹೊತ್ತಿಗೆ ಬೆಳ್ಳಗಾಗಿರುತ್ತವೆ. ಮುಖ ತೊಳೆದರೆ ಮತ್ತೆ ಕಪ್ಪಾಗುತ್ತವೆ. ಜಾರ್ಜ್ ಜತ್ತನ್ನರ ರೆಪ್ಪೆಗಳು ಮಾತ್ರ ತೊಳೆದ ಮೇಲೂ ಬೆಳ್ಳಗೇ ಇರುತ್ತಿದ್ದವು. ಅವರಿಗೆ ಅರವತ್ತು ದಾಟಿತ್ತು.

ಜಾರ್ಜರ ಕೆಲಸ ಫರ್ಮಾ ಮಾಡುವುದು. ನಕ್ಷೆಯಲ್ಲಿ ಬಂದ ಆಕಾರವನ್ನು ಅವರು ತಗಡಿನ ಮೇಲೆ ನಿಜವಾದ ಅಳತೆಗೆ ಬರೆದು, ಕತ್ತರಿಸಿ, ಅಂಚು ಉಜ್ಜಿ ಕೊಡುತ್ತಿದ್ದರು. ಗರಗಸದವನು ಆ ತಗಡನ್ನು ಕಲ್ಲಿನ ಮೇಲಿಟ್ಟು ಅದರಂತೆಯೇ ಕೊಯ್ಯುತ್ತಿದ್ದ. ಕಲ್ಲು ಕೊಯ್ದಾದ ಮೇಲೆ ಫರ್ಮಾಕ್ಕೆ ಬೆಲೆಯಿಲ್ಲ. ಅದನ್ನೇ ಚಿಕ್ಕದಾಗಿ ಕತ್ತರಿಸಿ ಮುಂದಿನ ಕೆಲಸಕ್ಕೆ ಬಳಸುತ್ತಾರೆ.

ಜಾರ್ಜರ ಅಜ್ಜ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಒತ್ತುತ್ತಿದ್ದವರು. ಅಪ್ಪ ಕೂಡ ಹಂಚಿನವರೇ, ಆದರೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುವುದನ್ನು ನೋಡಿದವರು. ಜಾರ್ಜ್ ಹಂಚು ಬಿಟ್ಟು ಕಲ್ಲಿಗೆ ಬಂದರು. ಬಂಗಲೆಗಳಿಗೆ, ಚರ್ಚುಗಳಿಗೆ ನೆಲ ಹಾಸುವುದನ್ನು ಕಲಿತು, ಮೂಲ್ಕಿಯಿಂದ ಒಮಾನಿಗೆ ಹೊರಟರು. ಮನೆಯಿಂದ ಹೊತ್ತು ತಂದ ಪಾಠ ಒಂದೇ. ಸೊಟ್ಟ ಹಂಚು ಹೊದಿಸಿದರೆ ಮಳೆ ಒಳಗೆ ಬರುತ್ತದೆ, ಸೊಟ್ಟ ನೆಲ ಹಾಸಿದರೆ ಹೆಸರು ಹೊರಗೆ ಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಕಾರ್ಖಾನೆಯ ಇಷ್ಟು ವರ್ಷಗಳಲ್ಲಿ ಜಾರ್ಜರ ಫರ್ಮಾದಲ್ಲಿ ತಪ್ಪು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮಾಲೀಕ ತಮೀಮ್ ಚಿಕ್ಕ ಹುಡುಗನಾಗಿ ಅಪ್ಪನ ಕೈಹಿಡಿದು ಬರುತ್ತಿದ್ದಾಗಿನಿಂದಲೂ ಅವರನ್ನು ‘ಉಸ್ತಾದ್’ ಎಂದೇ ಕರೆಯುತ್ತಿದ್ದ.

ವಯಸ್ಸಾದ ಮೇಲೆ ಒಮಾನಿನಲ್ಲಿ ಉಳಿಯಬೇಕಾದರೆ ಮಾಲೀಕನ ಮನಸ್ಸು ಬೇಕು. ತಮೀಮ್ ಪ್ರತಿಸಲವೂ ತನ್ನ ಅಣ್ಣನಿಂದ ಸಹಿ ಹಾಕಿಸಿ ವೀಸಾ ಮುಂದುವರಿಸುತ್ತಿದ್ದ. ಜಾರ್ಜ್ ಊರಿಗೆ ಹೋಗಲು ಯಾಕೆ ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅವರ ಒಬ್ಬನೇ ಮಗ ಆಲನ್ ಮಸ್ಕತ್ತಿನ ಕ್ರೈಸ್ತ ಸ್ಮಶಾನದಲ್ಲಿದ್ದಾನೆ.

ಆಲನ್ ಹುಟ್ಟಿದ್ದು ಈ ದೇಶದಲ್ಲೇ. ಕಾಲೇಜು ಮುಗಿಸಿ, ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಒಂದು ಕಚೇರಿಯ ಕೆಲಸಕ್ಕೆ ಸೇರಿದ್ದ. ಕೊರೋನಾದ ಮೊದಲ ಬೇಸಿಗೆಯಲ್ಲಿ ಜ್ವರ ಬಂತು. ವಿಮಾನಗಳು ನಿಂತಿದ್ದವು. ಹೆಣವನ್ನು ಊರಿಗೆ ಒಯ್ಯುವ ದಾರಿಯಿರಲಿಲ್ಲ. ಮೈತುಂಬ ಬಿಳಿ ಬಟ್ಟೆ ತೊಟ್ಟ ನಾಲ್ಕು ಜನ ಪೆಟ್ಟಿಗೆ ಇಳಿಸಿದರು. ಜಾರ್ಜ್ ಗೇಟಿನ ಹತ್ತಿರ ನಿಂತು ನೋಡಿದರು. ಹೆಂಡತಿ ಸ್ಟೆಲ್ಲಾರಿಗೂ ಜ್ವರವಿತ್ತು. ಅವರು ಆಸ್ಪತ್ರೆಯಿಂದ ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಆಮೇಲೆ ಪ್ರತಿ ಶುಕ್ರವಾರ ಗಂಡ ಹೆಂಡತಿ ಸೊಹಾರಿನಿಂದ ಬಸ್ಸು ಹಿಡಿದು ಮಸ್ಕತ್ತಿಗೆ ಹೋಗುತ್ತಿದ್ದರು. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಆರಾಧನೆಯೂ ಶುಕ್ರವಾರವೇ. ಕನ್ನಡದ ಆರಾಧನೆ ಮುಗಿಸಿ ನೇರ ಸ್ಮಶಾನಕ್ಕೆ. ಸ್ಟೆಲ್ಲಾ ಸಮಾಧಿಯ ಧೂಳು ಒರೆಸಿ, ಪಕ್ಕದ ಸಮಾಧಿಗಳದ್ದನ್ನೂ ಒರೆಸಿ, ಮಗನಿಗೆ ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಜಾರ್ಜ್ ಕೊಡೆ ಹಿಡಿದು ನಿಲ್ಲುತ್ತಿದ್ದರು.

ಹೀಗಿರುವಾಗ ಕಾರ್ಖಾನೆಗೆ ಒಂದು ದೊಡ್ಡ ಕೆಲಸ ಬಂತು. ಬಾಲ್ಟಿಕ್ ಸಮುದ್ರದ ದಡದ ಒಂದು ಊರಿನಲ್ಲಿ ಲೂಥರನ್ ಕೆಥೆಡ್ರಲ್‌ಗೆ ಹೊಸ ನೆಲ. ಅಲ್ಲಿನ ವಾಸ್ತುಶಿಲ್ಪಿ, ಎತ್ತರದ ಹೆಂಗಸು, ಕಲ್ಲು ಆರಿಸಲು ತಾವೇ ಬಂದರು. ಬಿಸಿಲಿಗೆ ಮೂಗು ಕೆಂಪಾಗಿ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ತಿರುಗಿದರು. ಜಾರ್ಜ್ ಕ್ರೈಸ್ತರು, ಅದರಲ್ಲೂ ಬಾಸೆಲ್ ಮಿಷನ್ನಿನ ಮನೆತನದವರು ಎಂದು ತಿಳಿದ ಮೇಲೆ ಅವರ ಪಕ್ಕ ಕುಳಿತು ಆ ಚರ್ಚಿನ ಚರಿತ್ರೆ ಹೇಳಿದರು. ಜಾರ್ಜ್ ಅದನ್ನು ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿದರು.

“ಮೊದಲು ಅಲ್ಲಿ ಒಂದು ಸಣ್ಣ ಕಲ್ಲಿನ ಚರ್ಚು ಇದ್ದದ್ದು. ಮೀನು ಹಿಡಿಯುವವರು ಕಟ್ಟಿದ್ದು. ಅದು ಸುಟ್ಟುಹೋಯ್ತು. ಅದರ ಮೇಲೆಯೇ ಪೋಪನ ಕಾಲದಲ್ಲಿ ದೊಡ್ಡದು ಎಬ್ಬಿಸಿದ್ರು. ಮತ್ತೆ ಲೂಥರನ ಮಾತು ಆ ಊರಿಗೆ ಮುಟ್ಟಿತು. ಗೋಡೆಯ ಚಿತ್ರಗಳಿಗೆಲ್ಲ ಸುಣ್ಣ ಹೊಡೆದ್ರು.”

“ಅಯ್ಯೋ, ಚಿತ್ರಕ್ಕೆ ಸುಣ್ಣವಾ?” ಎಂದ ಶರ್ಫುದ್ದೀನ್. ಅವನು ಗರಗಸದವನು, ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ. ಜಾರ್ಜರ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿ ಹೆಂಡತಿ ನುಸೈಬಾಳ ಜೊತೆ ಇದ್ದ. “ನಿಮ್ಮವರು ಸುಣ್ಣ ಹೊಡೆಯುವುದರಲ್ಲಿ ಮೊದಲಿನಿಂದಲೂ ಹುಷಾರು, ಜಾರ್ಜಣ್ಣ!”

“ಕೇಳು ಮಾರಾಯ. ಮತ್ತೆ ಯುದ್ಧದಲ್ಲಿ ಬಾಂಬು ಬಿದ್ದು ಮಾಡು ಹಾರಿಹೋಯ್ತು. ಬಹಳ ವರ್ಷ ಒಳಗೆ ಹುಲ್ಲು ಬೆಳೆದಿತ್ತಂತೆ. ಆಡು ಮೇಯ್ತಾ ಇದ್ದವಂತೆ.”

“ಪುನಃ ಕಟ್ಟಿದ್ರಾ?”

“ಪುನಃ ಕಟ್ಟಿದ್ರು.”

“ಹಠ ಅಂದ್ರೆ ಅದು,” ಎಂದು ಶರ್ಫುದ್ದೀನ್ ಲೋಟ ತೊಳೆದಿಟ್ಟ. “ಈಗ ಆ ಹಠಕ್ಕೆ ಕಲ್ಲು ಕೊಯ್ಯುವುದು ನಾನು. ನನಗೂ ಸ್ವಲ್ಪ ಪುಣ್ಯ ಬರೆದಿಡ್ಲಿಕ್ಕೆ ಹೇಳಿ ನಿಮ್ಮ ಲೂಥರನಿಗೆ.”

ಎಲ್ಲರೂ ನಕ್ಕರು. ಜಾರ್ಜರೂ ನಕ್ಕರು.

ಚಳಿಗಾಲಕ್ಕೆ ಬಿಸಿನೀರಿನ ಪೈಪು ಹಾಕಲೆಂದು ನೆಲ ಅಗೆದಾಗ, ಎಲ್ಲಕ್ಕಿಂತ ಹಳೆಯ ಆ ಮೊದಲ ಚರ್ಚಿನ ಅಡಿಪಾಯ ಸಿಕ್ಕಿತ್ತು. ಅದನ್ನು ಮತ್ತೆ ಮುಚ್ಚಲೇಬೇಕು. ಆದರೆ ಮರೆಯಬಾರದು. ಅದಕ್ಕಾಗಿ ನೆಲವೆಲ್ಲ ಒಮಾನಿನ ಮಾಸಲು ಬಿಳಿ ಕಲ್ಲು, ಹಳೆಯ ಗೋಡೆಗಳು ಇದ್ದ ಜಾಗದ ಮೇಲೆ ಸರಿಯಾಗಿ ಕಂದು ಕಲ್ಲಿನ ಪಟ್ಟಿ. ಪ್ರಾರ್ಥನೆಗೆ ಬಂದವನು ಕೆಳಗೆ ನೋಡಿದರೆ ಮೊದಲಿನ ಚರ್ಚು ಎಷ್ಟಿತ್ತು, ಎಲ್ಲಿತ್ತು ಎಂದು ಗೊತ್ತಾಗಬೇಕು. ಹೀಗೆ ಹೇಳಿ ವಾಸ್ತುಶಿಲ್ಪಿ ತಮ್ಮ ದೇಶಕ್ಕೆ ಮರಳಿದರು.

ಜಾರ್ಜ್ ಈ ಕೆಲಸವನ್ನು ಬೇರೆ ಕೆಲಸಗಳಂತೆ ಮಾಡಲಿಲ್ಲ. ಬೆಳಿಗ್ಗೆ ತಗಡು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ಅರಮನೆಗಳಿಗೆ, ಹೋಟೆಲುಗಳಿಗೆ, ಮಾಲುಗಳಿಗೆ ಜೀವಮಾನವಿಡೀ ಅಳೆದುಕೊಟ್ಟಿದ್ದರು. ದೇವರ ಮನೆಗೆ ಅಳೆಯುವ ಭಾಗ್ಯ ಬಂದದ್ದು ಈ ವಯಸ್ಸಿನಲ್ಲಿ. ಫರ್ಮಾಗಳು ಒಂದೊಂದಾಗಿ ಹೋದವು. ಕೊನೆಗೆ ಈಶಾನ್ಯ ಮೂಲೆ ಉಳಿಯಿತು.

ಆ ಮೂಲೆ ಸರಿಯಿರಲಿಲ್ಲ. ನೇರ ಬರುತ್ತಿದ್ದ ಕಂದು ಪಟ್ಟಿ ಮೂಲೆಯ ಹತ್ತಿರ ಒಂದು ಮೊಳದಷ್ಟು ಹೊರಗೆ ಜಾರಿ, ಓರೆಯಾಗಿ ತಿರುಗಿ, ಮತ್ತೆ ಸಾಲಿಗೆ ಬಂದು ಸೇರುತ್ತಿತ್ತು. ಜಾರ್ಜ್ ಮೂಲೆಮಟ್ಟ ಇಟ್ಟು ನೋಡಿದರು. ಮತ್ತೆ ಇಟ್ಟರು. ಕಂಪ್ಯೂಟರಿನಲ್ಲಿ ಎಳೆಯುವಾಗ ಯಾರದೋ ಕೈ ತಪ್ಪಿದೆ ಎಂದುಕೊಂಡರು. ಕೇಳಬೇಕಿತ್ತು. ಆದರೆ ಈದ್ ರಜೆ ಹತ್ತಿರ ಬಂದಿತ್ತು, ಕಂಟೇನರು ಗೇಟಿನಲ್ಲಿ ನಿಂತಿತ್ತು, ಕೇಳಿದರೆ ಆ ಹೆಂಗಸಿನ ಕಚೇರಿಯಲ್ಲಿ ಯಾರಿಗೋ ಬೈಗುಳ. ಅದಕ್ಕಿಂತ ಹೆಚ್ಚಾಗಿ, ಆ ಗೆರೆಯನ್ನು ನೋಡುತ್ತಿದ್ದರೆ ಅವರಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದಂತಾಗುತ್ತಿತ್ತು. ದೇವರ ಮನೆಗೆ ಸೊಟ್ಟ ಮೂಲೆ ಕಳಿಸುವುದಾ?

ಅವರು ಹೊಸ ತಗಡು ತೆಗೆದುಕೊಂಡು ಮೂಲೆಯನ್ನು ನೇರ ಮಾಡಿದರು. ಅಕ್ಕಪಕ್ಕದ ಕಲ್ಲುಗಳ ಫರ್ಮಾವನ್ನೂ ಅದಕ್ಕೆ ಹೊಂದಿಸಿದರು. ಶರ್ಫುದ್ದೀನನಿಗೆ ಏನೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೊಯ್ದ ಕಲ್ಲುಗಳನ್ನು ಅಂಗಳದಲ್ಲಿ ಜೋಡಿಸಿದಾಗ ಮೂಲೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಜಾರ್ಜರಿಗೆ ಯಾರೂ ಇಲ್ಲದಾಗ ಚರ್ಚು ಗುಡಿಸಿಟ್ಟು ಬಂದಷ್ಟು ಸಂತೋಷವಾಯಿತು. ಈದ್ ಕಳೆದ ಮೇಲೆ ಆ ತಗಡುಗಳನ್ನು ಕತ್ತರಿಸಿ ಒಂದು ಹೋಟೆಲಿನ ಮೆಟ್ಟಿಲಿಗೆ ಬಳಸಿದರು.

ಬೇಸಿಗೆ ಏರುತ್ತಿದ್ದಾಗ ಸುದ್ದಿ ಬಂತು. ಕಲ್ಲು ಹಳೆಯ ಅಡಿಪಾಯದ ಮೇಲೆ ಕೂರುತ್ತಿಲ್ಲ. ಕೆಲಸ ನಿಂತಿದೆ. ಚರ್ಚು ಮತ್ತೆ ತೆರೆಯುವ ಹಬ್ಬ ಮುಂದಕ್ಕೆ ಹೋಗಿದೆ. ಈ ಕಾರ್ಖಾನೆಗೆ ಇನ್ನು ಮುಂದೆ ಕೆಲಸ ಕೊಡಬೇಕೇ ಎಂದು ಅಲ್ಲಿಯವರು ಯೋಚಿಸುತ್ತಿದ್ದಾರೆ.

ತಮೀಮ್ ಇಬ್ಬರನ್ನೂ ಕರೆಸಿದ. ಶರ್ಫುದ್ದೀನ್ ಎದೆಯ ಮೇಲೆ ಕೈಯಿಟ್ಟು ಹೇಳಿದ, “ಫರ್ಮಾ ಹೇಗಿತ್ತೋ ಹಾಗೇ ಕೊಯ್ದಿದ್ದೇನೆ. ಅಲ್ಲಾನಾಣೆ.”

ತಮೀಮ್ ಜಾರ್ಜರ ಕಡೆ ತಿರುಗಿದ. “ಉಸ್ತಾದ್, ಫರ್ಮಾ ಸರಿಯಿತ್ತಾ?”

ಜಾರ್ಜ್ ಅಂಗಿಯ ತೋಳಿನ ಧೂಳು ಕೊಡವಿದರು. “ನೋಡಿಯೇ ಕೊಟ್ಟದ್ದು,” ಎಂದರು.

ಅದು ಸುಳ್ಳಲ್ಲ. ಆದರೆ ಅಷ್ಟು ಸಾಕಾಯಿತು. ಜಾರ್ಜರ ಮಾತಿನ ಮುಂದೆ ಶರ್ಫುದ್ದೀನನ ಆಣೆ ನಿಲ್ಲಲಿಲ್ಲ. ಮಸ್ಕತ್ತಿನ ಕಚೇರಿಯಲ್ಲಿದ್ದ ತಮೀಮನ ಅಣ್ಣನಿಗೆ ಯಾರದಾದರೂ ಒಂದು ಹೆಸರು ಬೇಕಾಗಿತ್ತು. ತಿಂಗಳ ಕೊನೆಗೆ ಶರ್ಫುದ್ದೀನ್ ಊರಿಗೆ ಹೋಗತಕ್ಕದ್ದು ಎಂದಾಯಿತು. ಅಲ್ಲಿಯವರೆಗೆ ಅವನು ಗರಗಸದ ಮುಂದೆ ನಿಂತ, ಆದರೆ ಹಾಸ್ಯ ನಿಂತಿತು. ಒಂದೊಂದು ಕಲ್ಲನ್ನೂ ಕೊಯ್ಯುವ ಮೊದಲು ಮೂರು ಸಲ ಅಳೆಯುತ್ತಿದ್ದ. ಕೊಯ್ದ ಮೇಲೂ ಅಳೆಯುತ್ತಿದ್ದ.

ಆ ತೀರ್ಮಾನವಾದ ದಿನ ಮನೆಗೆ ಬಂದು ಜಾರ್ಜ್ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದರು. ಸ್ಟೆಲ್ಲಾ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಹೇಳಿದ್ರೆ ನಿಮ್ಮನ್ನು ಇಟ್ಟುಕೊಳ್ತಾರಾ?”

“ಇಲ್ಲ. ವೀಸಾ ಮುಗಿಯುವುದನ್ನೇ ಕಾಯ್ತಾರೆ.”

“ಹಾಗಾದ್ರೆ ಬಾಯಿ ಮುಚ್ಚಿಕೊಂಡಿರಿ.”

“ಅವನದ್ದು ಏನೂ ತಪ್ಪಿಲ್ಲ, ಸ್ಟೆಲ್ಲಾ.”

“ಗೊತ್ತುಂಟು. ಅವನಿಗೆ ಪ್ರಾಯ ಉಂಟು. ಇಲ್ಲಿಂದ ಹೋದ್ರೆ ದುಬೈಗೆ ಹೋಗ್ತಾನೆ, ಕತಾರಿಗೆ ಹೋಗ್ತಾನೆ. ನಾವು ಹೋದ್ರೆ ಆಲನ್ ಯಾರ ಜೊತೆ ಬರ್ತಾನೆ? ಹೇಳಿ. ಯಾರ ಜೊತೆ?”

ಎರಡು ದಿನ ಕಳೆದು ನುಸೈಬಾ ಇಳಿದು ಬಂದಳು. ಅವಳಿಗೆ ಏಳು ತಿಂಗಳು. ಅಡುಗೆಮನೆಯ ಸ್ಟೂಲಿನ ಮೇಲೆ ಕಷ್ಟಪಟ್ಟು ಕುಳಿತು, “ಸ್ಟೆಲ್ಲಾಂಟಿ, ಅಂಕಲ್ ಒಂದು ಮಾತು ಹೇಳಿದ್ರೆ ಬಾಸ್ ಕೇಳ್ತಾರಂತೆ. ಇವರು ನಾಚಿಕೆಯಿಂದ ಕೇಳುವುದಿಲ್ಲ. ನಾನು ಕೇಳ್ತಾ ಇದ್ದೇನೆ,” ಎಂದಳು. ಸ್ಟೆಲ್ಲಾ ಚಹಾ ಮಾಡಿಕೊಟ್ಟರು. ಬೆನ್ನಿಗೆ ದಿಂಬು ಕೊಟ್ಟರು. “ಹೇಳ್ತಾರೆ, ಮಗಾ,” ಎಂದರು. ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ಕೋಣೆಗೆ ಬಂದು, ಎಲ್ಲ ಕೇಳಿಸಿಕೊಂಡು ಕುಳಿತಿದ್ದ ಗಂಡನ ಮುಖ ನೋಡದೆ, “ಹೇಳಬೇಡಿ,” ಎಂದರು.

ಜಾರ್ಜ್ ಹೇಳಲಿಲ್ಲ. ಶುಕ್ರವಾರ ಮಸ್ಕತ್ತಿಗೆ ಹೋದರು. ಆರಾಧನೆಯಲ್ಲಿ ಪಾಪದ ಅರಿಕೆ ಮಾಡುವಾಗ ಎಲ್ಲರ ಜೊತೆ ತುಟಿ ಆಡಿಸಿದರು. ಸ್ಮಶಾನದಲ್ಲಿ ಕೊಡೆ ಹಿಡಿದು ನಿಂತರು. ಸ್ಟೆಲ್ಲಾ ಆ ವಾರ ಮಗನಿಗೆ ಯಾವ ಸುದ್ದಿಯನ್ನೂ ಹೇಳಲಿಲ್ಲ.

ಮರುವಾರ ತಮೀಮ್ ಜಾರ್ಜರನ್ನು ಕಚೇರಿಗೆ ಕರೆದ. ಮೂಲೆಯ ಕಲ್ಲುಗಳನ್ನು ಮತ್ತೆ ಕೊಯ್ದು ಕಳಿಸಬೇಕಿತ್ತು. ಈ ಸಲ ತಪ್ಪಾಗದಂತೆ ವಾಸ್ತುಶಿಲ್ಪಿ ತಾವೇ ವಿವರಿಸಲು ಪರದೆಯ ಮೇಲೆ ಬಂದಿದ್ದರು. ಆ ಹೆಂಗಸು ಸಿಟ್ಟಾಗಿರಲಿಲ್ಲ. ದಣಿದಿದ್ದರು. ಅಗೆದ ಜಾಗದ ಚಿತ್ರ ತೋರಿಸಿದರು. ಕಲ್ಲಿನ ಅಡಿಪಾಯ ನೇರವಾಗಿ ಬಂದು, ಮೂಲೆಯಲ್ಲಿ ಹೊರಗೆ ಬಾಗಿತ್ತು. ಬಾಗಿದ ಕಡೆ, ಗೋಡೆಯ ಒಳಮಗ್ಗುಲಿಗೆ ಒತ್ತಿಕೊಂಡು, ಒಂದು ಸಣ್ಣ ಗುಂಡಿ.

“ಇದು ಮಗುವಿನ ಗೋರಿ,” ಎಂದರು. “ಚರ್ಚಿಗಿಂತ ಮೊದಲೇ ಇದ್ದದ್ದು. ಗೋಡೆ ನೇರ ಕಟ್ಟಿದ್ದರೆ ಇದು ಹೊರಗೆ ಉಳಿಯುತ್ತಿತ್ತು. ಅವರು ಗೋಡೆಯನ್ನೇ ಓರೆ ಮಾಡಿ ಮಗುವನ್ನು ಒಳಗೆ ತೆಗೆದುಕೊಂಡಿದ್ದಾರೆ. ಯಾರ ಮಗುವೋ ಗೊತ್ತಿಲ್ಲ. ಈ ಇಡೀ ನೆಲ ಹಾಸುತ್ತಿರುವುದು ಒಂದು ರೀತಿಯಲ್ಲಿ ಈ ಮೂಲೆಗಾಗಿ. ನೀವು ಕಳಿಸಿದ ಕಲ್ಲು ಆ ಮಗುವನ್ನು ಹೊರಗೆ ಬಿಟ್ಟಿತ್ತು.”

ಪರದೆ ಕಪ್ಪಾಯಿತು. ತಮೀಮ್ ಏನೋ ಹೇಳುತ್ತಿದ್ದ. ಜಾರ್ಜರಿಗೆ ಕೇಳಿಸಲಿಲ್ಲ. ಯಾವುದೋ ಕಾಲದ ಮೀನುಗಾರರು, ಓದುಬರಹ ಬಾರದವರಿರಬೇಕು, ಕಟ್ಟುತ್ತಿದ್ದ ಗೋಡೆ ನಿಲ್ಲಿಸಿ, ಯಾರದೋ ಮಗುವಿಗಾಗಿ ಹಗ್ಗ ಸರಿಸಿ ಮತ್ತೆ ಅಳೆದಿದ್ದರು. ಅದು ಬೆಂಕಿಯಲ್ಲಿ ಉಳಿದಿತ್ತು, ಬಾಂಬಿನಲ್ಲಿ ಉಳಿದಿತ್ತು. ತನ್ನ ಕೈಗೆ ಬಂದಾಗ ಮಾತ್ರ ಉಳಿಯಲಿಲ್ಲ.

“ಫರ್ಮಾ ನಾನೇ ತಿದ್ದಿದ್ದು,” ಎಂದರು ಜಾರ್ಜ್. “ನಕ್ಷೆಯಲ್ಲಿ ಓರೆಯೇ ಇತ್ತು. ನಾನು ನೇರ ಮಾಡಿದೆ. ಶರ್ಫುದ್ದೀನ್ ನಾನು ಕೊಟ್ಟದ್ದನ್ನು ಕೊಯ್ದ.”

ತಮೀಮ್ ಮೇಜಿನ ಮೇಲಿನ ಕಲ್ಲಿನ ತುಂಡನ್ನು ತಿರುಗಿಸಿಟ್ಟ. ಆಮೇಲೆ, “ಉಸ್ತಾದ್, ನೀನು ಈಗ ಹೇಳಿದ್ದು ನನಗೆ ಕೇಳಿಸಲಿಲ್ಲ. ಎಸಿ ಸದ್ದು ಜಾಸ್ತಿ. ಹೋಗಿ ಕೆಲಸ ಮಾಡು,” ಎಂದ.

ಬಾಗಿಲು ತೆರೆದೇ ಇತ್ತು. ಎದ್ದು ಹೋಗಬಹುದಿತ್ತು. ಜಾರ್ಜ್ ಕುರ್ಚಿಯ ಕೈ ಹಿಡಿದುಕೊಂಡು ಕುಳಿತೇ ಇದ್ದರು.

“ಅವನನ್ನು ಕರೆಸು. ಅವನೆದುರು ಇನ್ನೊಮ್ಮೆ ಹೇಳ್ತೇನೆ.”

“ಅಣ್ಣನಿಗೆ ನಾನು ಏನು ಹೇಳಲಿ? ನಿನ್ನ ಹೆಸರು ಹೇಳಿದರೆ ವೀಸಾ ಕಾಗದಕ್ಕೆ ಅವನು ಸಹಿ ಹಾಕುವುದಿಲ್ಲ. ನಿನಗೆ ಗೊತ್ತು.”

“ಗೊತ್ತುಂಟು.”

“ಖಲಾಸ್,” ಎಂದ ತಮೀಮ್. ಅವನ ಕಣ್ಣು ತುಂಬಿತ್ತು. ಅದನ್ನು ಮುಚ್ಚಲು ಫೋನು ಎತ್ತಿಕೊಂಡ.

ಶರ್ಫುದ್ದೀನ್ ಬಂದು ನಿಂತು ಎಲ್ಲವನ್ನೂ ಕೇಳಿದ. ಅವನು ಕೈ ಹಿಡಿದು ಅಳಬಹುದೆಂದು ಜಾರ್ಜ್ ಅಂದುಕೊಂಡಿದ್ದರೋ ಏನೋ. ಅವನು ಹಾಗೆ ಮಾಡಲಿಲ್ಲ.

“ಇಷ್ಟು ದಿನ ನಾನು ನನ್ನ ಕೈಯನ್ನೇ ನಂಬಲಿಲ್ಲ, ಜಾರ್ಜಣ್ಣ,” ಎಂದ. “ತಪ್ಪು ನಾನೇ ಮಾಡಿದ್ದಿರಬೇಕು, ಜಾರ್ಜಣ್ಣ ಮಾಡ್ಲಿಕ್ಕಿಲ್ಲ ಅಂತ ನಾನೇ ನುಸೈಬಾಳಿಗೆ ಹೇಳಿದೆ. ಅವಳು ನಿಮ್ಮ ಮನೆಯಲ್ಲಿ ಚಹಾ ಕುಡಿದು ಬಂದಳು.”

ಜಾರ್ಜ್ ಎದ್ದು ಹೊಸ ತಗಡು ತರಲು ಹೋದರು.

ಓರೆ ಮೂಲೆಯ ಫರ್ಮಾವನ್ನು ಜಾರ್ಜ್ ಮತ್ತೆ ಮಾಡಿದರು. ಅವರು ಮಾಡಿದ ಕೊನೆಯ ಫರ್ಮಾ ಅದು. ಶರ್ಫುದ್ದೀನ್ ಅದನ್ನು ಕೈಗೆ ತೆಗೆದುಕೊಂಡು, ಗರಗಸ ನಿಲ್ಲಿಸಿ, ಕೆಲಸದವರೆಲ್ಲ ನೋಡುತ್ತಿರುವಾಗ ಕೇಳಿದ, “ಇದು ನಕ್ಷೆಯ ಹಾಗೇ ಉಂಟಾ? ಗಟ್ಟಿಯಾಗಿ ಹೇಳಿ.”

“ನಕ್ಷೆಯ ಹಾಗೇ ಉಂಟು,” ಎಂದರು ಜಾರ್ಜ್.

“ಎಲ್ಲರೂ ಕೇಳಿದ್ರಲ್ಲಾ?” ಎಂದು ಅವನು ಗರಗಸ ಹಾಕಿದ. ಕಲ್ಲು ಚೆನ್ನಾಗಿ ಬಂತು. ಅವನ ಕೆಲಸ ಉಳಿಯಿತು, ಜಾರ್ಜರ ವೀಸಾ ಮುಂದುವರಿಯಲಿಲ್ಲ. ಅದಾದ ಮೇಲೆ ಆ ಇಬ್ಬರ ನಡುವೆ ಮಾತಿರಲಿಲ್ಲ.

ಸ್ಟೆಲ್ಲಾ ಸಿಟ್ಟು ಮಾಡಿ ಕೂಗಾಡಲಿಲ್ಲ. “ನನ್ನನ್ನು ಒಂದು ಮಾತು ಕೇಳಿದ್ರಾ?” ಎಂದರು ಅಷ್ಟೆ. ಮರುದಿನದಿಂದ ತಾವೇ ತಿರುಗಾಡಿದರು. ಚರ್ಚಿನ ಸಮಿತಿಯವರ ಬಳಿ ಹೋಗಿ ಸಮಾಧಿ ತೆಗೆದು ಊರಿಗೆ ಒಯ್ಯಬಹುದೇ ಎಂದು ವಿಚಾರಿಸಿದರು. ಆ ಕಾಯಿಲೆಯಲ್ಲಿ ಹೂತದ್ದನ್ನು ತೆಗೆಯುವಂತಿಲ್ಲ ಎಂದರು. ಆಮೇಲೆ ಒಂದು ದಿನ ಮಸ್ಕತ್ತಿನಿಂದ ತಡವಾಗಿ ಬಂದು, ಚಪ್ಪಲಿ ಬಿಡುತ್ತಾ ಹೇಳಿದರು.

“ಅಲ್ಲೇ ಮತ್ರಾದಲ್ಲಿ ಒಂದು ಗುಜರಾತಿ ಸೇಟ್‌ಗಳ ಮನೆ ಉಂಟು. ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳಲಿಕ್ಕೆ ಹೆಂಗಸು ಬೇಕಂತೆ. ವೀಸಾ ಅವರೇ ಮಾಡ್ತಾರೆ. ಎರಡು ವಾರಕ್ಕೊಮ್ಮೆ ಶುಕ್ರವಾರ ಮಧ್ಯಾಹ್ನ ಬಿಡ್ತಾರಂತೆ.”

ಜಾರ್ಜ್ ಅರ್ಥವಾಗದೆ ನೋಡಿದರು. “ನಾನು?”

“ನೀವು ಮೂಲ್ಕಿಗೆ ಹೋಗಿ.”

“ಈ ವಯಸ್ಸಿನಲ್ಲಿ ಯಾರದೋ ಮನೆಯ ಬಚ್ಚಲು ತೊಳೆಯುವುದಾ, ಸ್ಟೆಲ್ಲಾ?”

“ನೀವು ಶರ್ಫುದ್ದೀನನಿಗಾಗಿ ಹೇಳಿದ್ರಿ. ಒಳ್ಳೆಯದೇ ಮಾಡಿದ್ರಿ, ನಾನು ಇಲ್ಲ ಅನ್ನುವುದಿಲ್ಲ. ನುಸೈಬಾಳ ಮುಖ ನನಗೂ ನೋಡ್ಲಿಕ್ಕೆ ಆಗ್ತಿರಲಿಲ್ಲ. ಆದ್ರೆ ಆಲನಿಗಾಗಿ ಯಾರಾದ್ರೂ ಇರಬೇಕಲ್ಲ.”

ಜಾರ್ಜ್ ಹೊರಡುವ ದಿನ ತಮೀಮ್ ತಾನೇ ಕಾರು ಓಡಿಸಿಕೊಂಡು ಬಂದು ವಿಮಾನ ನಿಲ್ದಾಣಕ್ಕೆ ಬಿಟ್ಟ. ಶರ್ಫುದ್ದೀನ್ ಬರಲಿಲ್ಲ. ನುಸೈಬಾ ದಾರಿಗೆಂದು ಅಕ್ಕಿಯ ಪತ್ತಿರಿ ರೊಟ್ಟಿ ಕಟ್ಟಿ ಕಳಿಸಿದ್ದಳು. ಸ್ಟೆಲ್ಲಾ ಗಾಜಿನ ಬಾಗಿಲಿನವರೆಗೆ ಬಂದು, ಮಾತ್ರೆಗಳು ಯಾವ ಚೀಲದಲ್ಲಿವೆ ಎಂದು ಹೇಳಿ, ಅಜ್ಜಿಗೆ ಸ್ನಾನ ಮಾಡಿಸುವ ಹೊತ್ತಾಯಿತು ಎಂದು ಟ್ಯಾಕ್ಸಿ ಹಿಡಿದು ಹಿಂತಿರುಗಿದರು.

ಈಗ ಜಾರ್ಜ್ ಮೂಲ್ಕಿಯಲ್ಲಿ, ಪೇಟೆಯ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಇಲ್ಲಿ ಆರಾಧನೆ ಭಾನುವಾರ. ಅವರಿಗೆ ಶುಕ್ರವಾರದ ಅಭ್ಯಾಸ ಹೋಗಿಲ್ಲ. ಶುಕ್ರವಾರ ಬೆಳಿಗ್ಗೆಯೇ ಬಿಳಿ ಅಂಗಿ ಹಾಕಿಕೊಂಡು ಕುಳಿತಿರುತ್ತಾರೆ. ಸ್ಟೆಲ್ಲಾರಿಗೆ ರಜೆಯಿರುವ ವಾರ ಮಧ್ಯಾಹ್ನದ ಮೇಲೆ ಫೋನಿಗೆ ಧ್ವನಿ ಸಂದೇಶ ಬರುತ್ತದೆ. ಮೊದಲು ಗಾಳಿ, ಆಮೇಲೆ ಬಟ್ಟೆಯಲ್ಲಿ ಕಲ್ಲು ಒರೆಸುವ ಸದ್ದು, ಆಮೇಲೆ ದಮ್ಮು ಕಟ್ಟಿದ ಧ್ವನಿ.

“ಬಂದಿದ್ದೇನೆ. ಸೆಕೆ ಅಂದ್ರೆ ಸೆಕೆ. ಕೊಡೆ ಹಿಡಿದು ಒರೆಸ್ಲಿಕ್ಕೆ ಆಗುವುದಿಲ್ಲ, ಹಾಗೆ ಕೊಡೆ ಕೆಳಗಿಟ್ಟಿದ್ದೇನೆ. ಅಜ್ಜಿ ನಿನ್ನೆ ರಾತ್ರಿಯೆಲ್ಲ ಮಲಗಲಿಲ್ಲ. ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಹೋಗಲಿಲ್ಲ. ಊಟ ಮಾಡಿದ್ರಾ?”

ಜಾರ್ಜ್ ಗುಂಡಿ ಒತ್ತಿ ಹಿಡಿಯುತ್ತಾರೆ. “ಮಾಡಿದೆ,” ಎನ್ನುತ್ತಾರೆ. ಮಾಡಿರುವುದಿಲ್ಲ. ಇನ್ನೇನಾದರೂ ಹೇಳಬೇಕೆಂದು ಗುಂಡಿಯನ್ನು ಹಾಗೇ ಒತ್ತಿಕೊಂಡಿರುತ್ತಾರೆ. ಹೊರಗೆ ಬಸ್ಸುಗಳ ಹಾರ್ನು ಆ ಸಂದೇಶದಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ.